ಸದ್ದಾದ ಮೇಲೆ ತಲೆ ಎತ್ತಿದವಳು

ಡಿಕ್ಕಿಯಾದದ್ದನ್ನು ನಾನು ನೋಡಿರಲಿಲ್ಲ. ಕೋರ್ಟಿನಲ್ಲಿ ನಿಂತು ನೋಡಿದೆ ಎಂದು ಹೇಳಿದೆ. ಆ ಮಾತಿನ ಮೇಲೆ ಜಗಳೂರು ಕಡೆಯ ಒಬ್ಬ ಟೆಂಪೊ ಡ್ರೈವರ್ ಜೈಲಿಗೆ ಹೋದರು. ಇದನ್ನು ಮೊದಲೇ ಹೇಳಿಬಿಡುತ್ತೇನೆ — ಮುಂದೆ ನಾನು ಬರೆಯುವ ಯಾವ ವಿವರವೂ ಇದನ್ನು ಹಗುರ ಮಾಡಬಾರದು.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವಳು. ಕೊನೆಯ ವರ್ಷಗಳನ್ನು ಕಳೆದದ್ದು ನ್ಯಾಮತಿ ಹತ್ತಿರದ ಒಂದು ಹಳ್ಳಿಯ ಶಾಲೆಯಲ್ಲಿ. ಪ್ರಯೋಗದ ಪುಸ್ತಕದಲ್ಲಿ ಮಕ್ಕಳಿಂದ ಎರಡು ಕಾಲಂ ಹಾಕಿಸುತ್ತಿದ್ದೆ. ಒಂದರಲ್ಲಿ ಕಂಡದ್ದು, ಇನ್ನೊಂದರಲ್ಲಿ ಅದರಿಂದ ತೀರ್ಮಾನಿಸಿದ್ದು. ಸುಣ್ಣದ ತಿಳಿನೀರು ಹಾಲಿನಂತಾಯಿತು — ಇದು ಕಂಡದ್ದು. ಅದರೊಳಗೆ ಯಾವ ಅನಿಲ ಹೋಯಿತು ಎಂಬುದು ತೀರ್ಮಾನ. ಎರಡನ್ನೂ ಬೆರೆಸಿ ಬರೆದವರಿಗೆ ಅಂಕ ಕಳೆಯುತ್ತಿದ್ದೆ. ಕನಿಕರವಿಲ್ಲದೆ ಕಳೆಯುತ್ತಿದ್ದೆ.

ಆ ದಿನ ಮಧ್ಯಾಹ್ನ ಶಾಲೆ ಬೇಗ ಬಿಟ್ಟಿತ್ತು. ಹೊನ್ನಾಳಿ ರಸ್ತೆಯ ತಿರುವಿನಲ್ಲಿದ್ದ ಬಸ್ ತಂಗುದಾಣದಲ್ಲಿ ನಾನೊಬ್ಬಳೇ ಕುಳಿತು, ತೊಡೆಯ ಮೇಲೆ ಕಿರುಪರೀಕ್ಷೆಯ ಹಾಳೆಗಳನ್ನಿಟ್ಟುಕೊಂಡು ತಿದ್ದುತ್ತಿದ್ದೆ. ಸದ್ದು ಕೇಳಿತು. ತಲೆ ಎತ್ತಿದೆ. ಈರುಳ್ಳಿ ತುಂಬಿದ ನೀಲಿ ಟೆಂಪೊ ರಸ್ತೆಯ ಬಲಬದಿಯಲ್ಲಿ, ಅದು ಇರಬಾರದ ಕಡೆ, ಅಡ್ಡವಾಗಿ ನಿಂತಿತ್ತು. ಎದುರಿನಿಂದ ಬಂದ ಬೈಕು ಚರಂಡಿಯಲ್ಲಿ ಬಿದ್ದಿತ್ತು. ಪಕ್ಕದಲ್ಲಿ ಸಾಸ್ವೆಹಳ್ಳಿಯ ಪರಮೇಶ. ನಮ್ಮ ಶಾಲೆಯ ವೈರಿಂಗ್ ಮಾಡಿದ್ದ ಹುಡುಗ. ಮುಖ ಕಂಡೊಡನೆ ಗುರುತು ಹತ್ತಿತು. ಆಸ್ಪತ್ರೆಗೆ ಹೋಗುವಷ್ಟರಲ್ಲಿ ಜೀವ ಹೋಗಿತ್ತು.

ಟೆಂಪೊದಿಂದ ಇಳಿದ ಡ್ರೈವರ್ ಬಸವರಾಜಪ್ಪ ಎರಡೂ ಕೈ ತಲೆಯ ಮೇಲಿಟ್ಟುಕೊಂಡು ಒಂದೇ ಮಾತು ಹೇಳುತ್ತಿದ್ದರು. "ಬೈಕೇ ನನ್ನ ಸೈಡಿಗೆ ಬಂತು ಸ್ವಾಮಿ. ತಪ್ಪಿಸಾಕೆ ಅಂತ ನಾನು ಬಲಕ್ಕೆ ಎಳೆದೆ. ಅಷ್ಟೊತ್ತಿಗೆ ಅವನೂ ವಾಪಸ್ ಅತ್ಲಾಗೇ ತಿರುಗಿದ."

ಯಾರೂ ಕೇಳಿಸಿಕೊಳ್ಳಲಿಲ್ಲ. ಗಾಡಿ ನಿಂತ ಜಾಗವೇ ಎಲ್ಲವನ್ನೂ ಹೇಳುತ್ತಿದೆ ಎಂದು ಸೇರಿದ ಜನರಿಗೂ ಅನ್ನಿಸಿತ್ತು, ನನಗೂ. ಸಂಜೆ ಪೊಲೀಸರು ಬಂದು "ಹೆಂಗಾತು ಮೇಡಂ?" ಎಂದಾಗ, ಟೆಂಪೊ ಬಲಕ್ಕೆ ನುಗ್ಗಿ ಹೊಡೆಯಿತು ಎಂದೆ. ಆಗ ಅದು ಸುಳ್ಳು ಎಂದು ನನಗೆ ಅನ್ನಿಸಿರಲಿಲ್ಲ. ಯಾಕೆಂದರೆ ನನ್ನ ಕಣ್ಣ ಮುಂದೆ ಒಂದು ಚಿತ್ರವಿತ್ತು — ಟೆಂಪೊ ವಾಲುತ್ತಾ ಬಲಕ್ಕೆ ಬರುವುದು, ಬೈಕಿನವನು ಕೈ ಅಡ್ಡ ಹಿಡಿಯುವುದು. ಈಗಲೂ ಇದೆ. ಇಷ್ಟೆಲ್ಲ ಆದ ಮೇಲೂ ಅಳಿಸಿಹೋಗುತ್ತಿಲ್ಲ, ನಿಜವಾಗಿ ಕಂಡ ಎಷ್ಟೋ ಸಂಗತಿಗಳಿಗಿಂತ ಸ್ಪಷ್ಟವಾಗಿದೆ. ಅದು ಎಲ್ಲಿಂದ ಬಂತು? ನನ್ನ ತಲೆಯನ್ನೇ ಬಡಿದುಕೊಳ್ಳಬೇಕೆನಿಸುತ್ತದೆ.

ಆ ಭಾನುವಾರ ಅಂಕ ಕೂಡಿಸುತ್ತಿದ್ದಾಗ ಒಂದು ಹಾಳೆಯಲ್ಲಿ ಕೈ ನಿಂತಿತು. ನಾಲ್ಕನೇ ಉತ್ತರಕ್ಕೆ ಹಾಕಿದ ಸರಿ ಗುರುತಿನ ಬಾಲ ಹಾಳೆಯ ಅಂಚಿನವರೆಗೂ ಎಳೆದುಹೋಗಿತ್ತು. ಕೆಂಪು ಶಾಯಿಯ ಉದ್ದ ಗೆರೆ. ಅದರ ಮುಂದಿನ ಉತ್ತರಗಳನ್ನು ತಿದ್ದಿರಲಿಲ್ಲ. ಸದ್ದಿಗೆ ಬೆಚ್ಚಿದ ಕೈ ಎಳೆದ ಗೆರೆ ಅದು. ಅಂದರೆ ಸದ್ದಾದಾಗ ನನ್ನ ಕಣ್ಣು ಹಾಳೆಯ ಮೇಲಿತ್ತು. ರಸ್ತೆಯ ಮೇಲಿರಲಿಲ್ಲ.

ಅವತ್ತೇ ಠಾಣೆಗೆ ಹೋಗಬಹುದಿತ್ತು. ಹೋಗಲಿಲ್ಲ. ಗೆರೆ ಬೇರೆ ಯಾವಾಗಲೋ ಬಿದ್ದಿರಬಹುದು ಎಂದುಕೊಂಡೆ... ಅಂಥ ಮಾತನ್ನು ಬೇರೆಯವರು ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. ಉಳಿದ ಉತ್ತರಗಳನ್ನು ತಿದ್ದಿ, ಮರುದಿನ ಹಾಳೆಗಳನ್ನು ಮಕ್ಕಳಿಗೆ ಹಂಚಿಬಿಟ್ಟೆ.

ಎರಡು ವರ್ಷದ ಮೇಲೆ ಕೋರ್ಟಿಗೆ ಕರೆ ಬಂತು. ಬಸವರಾಜಪ್ಪನವರ ಪರ ವಕೀಲರು ವಯಸ್ಸಾದವರು, ಮೆಲುದನಿಯವರು. ಕೇಳಿದ್ದು ಒಂದೇ ಪ್ರಶ್ನೆ.

"ಮೇಡಂ, ಸದ್ದು ಕೇಳಿ ಆಮೇಲೆ ನೋಡಿದ್ರೋ? ಇಲ್ಲಾ ಮೊದ್ಲಿಂದನೇ ನೋಡ್ತಾ ಇದ್ರೋ?"

ಸರಿಯಾದ ಪ್ರಶ್ನೆ. ನಾನು ಮಕ್ಕಳನ್ನು ಕೇಳುತ್ತಿದ್ದ ಪ್ರಶ್ನೆ. ಎದುರಿನ ಬೆಂಚಿನಲ್ಲಿ ಪರಮೇಶನ ಹೆಂಡತಿ ಶಾರದಮ್ಮ ಕುಳಿತಿದ್ದರು. ಅವರ ಮೇಲಿನ ಕನಿಕರದಿಂದ ಆಗ ಸುಳ್ಳು ಹೇಳಿದೆ ಎಂದು ಬಹಳ ದಿನ ನನ್ನನ್ನೇ ನಂಬಿಸಿಕೊಂಡಿದ್ದೆ. ಅಲ್ಲ. ಅಷ್ಟು ಜನರೆದುರು ವಿಜ್ಞಾನದ ಮೇಡಂ ಗೊತ್ತಿಲ್ಲ ಎನ್ನುವುದು — ಅದು ನನ್ನಿಂದ ಆಗಲಿಲ್ಲ.

"ಮೊದಲಿನಿಂದಲೇ ನೋಡುತ್ತಿದ್ದೆ," ಎಂದೆ.

ವಕೀಲರು ಇನ್ನೇನೂ ಕೇಳದೆ ಕುಳಿತರು.

ನಿವೃತ್ತಿಯ ದಿನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮೈಕಿನ ಮುಂದೆ, "ನಮ್ಮ ಮೇಡಂ ಕಂಡದ್ದನ್ನು ಮಾತ್ರ ಹೇಳುವವರು" ಎಂದಳು. ಚಪ್ಪಾಳೆ ಬಿತ್ತು. ಹೊದಿಸಿದ ಶಾಲನ್ನು ತೆಗೆದು ಮಡಚಿಟ್ಟೆ. ಆಮೇಲೆ ಚನ್ನಗಿರಿಯಲ್ಲಿ ಮನೆ ಮಾಡಿದೆ, ಆದರೆ ಅಲ್ಲಿ ಕೂರಲಾಗಲಿಲ್ಲ. ನಿಜವಾಗಿ ಏನಾಯಿತು ಎಂದು ಈಗಲಾದರೂ ತಿಳಿಯಬೇಕೆಂದು ಹೊರಟೆ. ಆ ಜಾಗಕ್ಕೆ ಹೋದರೆ ರಸ್ತೆ ಅಗಲವಾಗಿ ತಿರುವೇ ಇರಲಿಲ್ಲ, ತಂಗುದಾಣವೂ ಇರಲಿಲ್ಲ. ಚನ್ನಗಿರಿಯ ವಕೀಲರೊಬ್ಬರ ಮೂಲಕ, ಅವತ್ತು ಪೊಲೀಸರು ಬರೆದುಕೊಂಡಿದ್ದ ಮಹಜರಿನ ನಕ್ಷೆ ತೆಗೆಸಿದೆ. ಅದರಲ್ಲಿದ್ದದ್ದು ಗಾಡಿಗಳು ನಿಂತ ಜಾಗ, ಬಿದ್ದ ಜಾಗ. ನಾನು ಕಂಡದ್ದಷ್ಟೇ! ಅದಕ್ಕಿಂತ ಒಂದು ಕ್ಷಣ ಹಿಂದಿನದು ಯಾವ ಕಾಗದದಲ್ಲೂ ಇಲ್ಲ. ಬಸವರಾಜಪ್ಪ ಹೇಳಿದಂತೆ ನಡೆದಿದ್ದರೂ ಗಾಡಿಗಳು ಅಲ್ಲೇ ನಿಲ್ಲುತ್ತಿದ್ದವು. ನಾನು ಹೇಳಿದಂತೆ ನಡೆದಿದ್ದರೂ ಅಲ್ಲೇ. ಆ ನಕ್ಷೆಯನ್ನು ಎಷ್ಟು ಸಲ ತಿರುವಿ ಹಾಕಿದ್ದೇನೋ. ಕೇಳಲು ಉಳಿದವರು ಒಬ್ಬರೇ.

ಜಗಳೂರಿನಲ್ಲಿ ಬಸವರಾಜಪ್ಪನವರಿಗೆ ಈಗ ಒಂದು ಪಂಕ್ಚರ್ ಅಂಗಡಿ. ಸ್ಟೇರಿಂಗ್ ಹಿಡಿಯುವುದನ್ನು ಬಿಟ್ಟಿದ್ದಾರೆ ಎಂದು ಪಕ್ಕದವರು ಹೇಳಿದರು. ಬಸವರಾಜಪ್ಪನವರಿಗೆ ನನ್ನ ಗುರುತು ತಕ್ಷಣ ಸಿಕ್ಕಿತು. ಸ್ಟೂಲು ಒರೆಸಿ ಕೂರಿಸಿದರು. ಅವರ ಹೆಂಡತಿ ಗೌರಮ್ಮ ನೀರು ತಂದರು. ನಾನು ಕೂತ ಜಾಗದಿಂದ ಹಿಡಿದು, ಕೆಂಪು ಗೆರೆಯನ್ನೂ ಸೇರಿಸಿ, ಎಲ್ಲವನ್ನೂ ಹೇಳಿದೆ. ಕೊನೆಗೆ ಕೇಳಿದೆ, "ನಿಜವಾಗಿ ಅವತ್ತು ಏನಾಯಿತು ಹೇಳಿ."

ಅವರು ಕೈಯಲ್ಲಿದ್ದ ಟ್ಯೂಬನ್ನು ಕೆಳಗಿಟ್ಟರು.

"ನನ್ನ ಕೇಳಾಕೆ ಬಂದೀರಾ ಮೇಡಂ? ನಂಗೆ ಈಗ ಗೊತ್ತಿಲ್ರಿ. ಮೊದ್ಲು ಗೊತ್ತಿತ್ತು. ಬೈಕೇ ಬಂತು ಅಂತ ಎಷ್ಟು ಸಲ ಹೇಳ್ದೆ. ಆಮ್ಯಾಲೆ ನೀವು ಬಂದು ಹೇಳಿದ್ರಿ. ಕಲಿಸೋರು, ಅವರಿಗೆ ನನ್ ಮ್ಯಾಲೆ ಏನು ಹಗೆ ಐತೆ, ಯಾಕೆ ಸುಳ್ಳು ಹೇಳ್ತಾರೆ? ನನ್ ಕಣ್ಣೇ ಮೋಸ ಮಾಡಿರ್ಬೇಕು ಅಂದ್ಕೊಂಡೆ. ಒಳಗೆ ಕುಂತು ಕುಂತು, ನೀವು ಹೇಳ್ದಂಗೇ ಕಾಣಾಕೆ ಶುರುವಾತು. ಆ ಹುಡುಗನ್ನ ನಾನೇ ಕೊಂದೆ ಅಂತ ಇಷ್ಟು ವರ್ಷ..."

ನನ್ನ ಸುಳ್ಳು ಅವರ ಗಾಡಿಯನ್ನು ಕಸಿದಿತ್ತು ಎಂದಷ್ಟೇ ನಾನು ತಿಳಿದಿದ್ದೆ. ಅವರು ಕಂಡದ್ದನ್ನೂ ಕಸಿದಿತ್ತು. ಆ ತಿರುವಿನಲ್ಲಿ ನಡೆದದ್ದನ್ನು ನೋಡಿ ಬದುಕಿದ್ದವರು ಅವರೊಬ್ಬರೇ. ಆ ಒಂದು ನೆನಪನ್ನೂ ನಾನು ಕೆಡಿಸಿದ್ದೆ.

"ಆಗಿದ್ದು ಆತು. ಒಂದು ಕಾಗದ ಬರ್ಕೊಡ್ರಿ," ಎಂದರು. ಆಗ ಪೊಲೀಸರಿಗೆ ಹೇಳಿದ್ದೂ ಕೋರ್ಟಿನಲ್ಲಿ ಹೇಳಿದ್ದೂ ನಾನು ನೋಡದ ಸಂಗತಿ ಎಂದು ಬರೆದು ಸಹಿ ಹಾಕಿದೆ. ಅವರು ಓದಿದರು. ಮತ್ತೆ ಓದಿದರು.

"ಬಸವರಾಜಂದು ತಪ್ಪಿಲ್ಲ ಅಂತ ಒಂದು ಸಾಲು ಹಾಕ್ರಿ."

ಪೆನ್ನು ಹಾಳೆಯ ಮೇಲಿಟ್ಟೆ. ಬರೆಯಲಾಗಲಿಲ್ಲ. "ಅದೂ ನನಗೆ ಗೊತ್ತಿಲ್ಲ, ಬಸವರಾಜಪ್ಪ ಅವರೇ. ನಾನು ನೋಡಲಿಲ್ಲ."

ಗೌರಮ್ಮ ಬಾಗಿಲಿನಿಂದ ಈಚೆ ಬಂದರು. "ಅವತ್ತು ನೋಡ್ದೇ ಇರೋದನ್ನ ಹೇಳಾಕೆ ಬಂತಲ್ಲ? ಇವತ್ತು ಬರೆಯಾಕೆ ಯಾಕೆ ಬರಲ್ಲ ನಿಮಗೆ? ಜೈಲಿಗೆ ಹಾಕ್ಸಾಕೆ ಗೊತ್ತಿತ್ತು, ಬಿಡ್ಸಾಕೆ ಗೊತ್ತಿಲ್ಲ!"

ಪೆನ್ನಿನ ಮುಚ್ಚಳ ಹಾಕಿದೆ. ಒಂದು ಸಾಲು ಬರೆದಿದ್ದರೆ ಆ ಮನುಷ್ಯ ನೆಮ್ಮದಿಯಾಗಿ ಉಣ್ಣುತ್ತಿದ್ದರೇನೋ. ಬರೆದಿದ್ದರೆ ಅದು ನನ್ನ ಎರಡನೆಯ ಸುಳ್ಳು ಸಾಕ್ಷಿಯಾಗುತ್ತಿತ್ತು. ಬರೆಯದೆ ಇದ್ದದ್ದು ಸರಿ ಎನ್ನಲು ನನಗೆ ಬಾಯಿಲ್ಲ. ಸತ್ಯದ ಬಗ್ಗೆ ಅಷ್ಟು ಬಿಗಿಯಾಗಿರುವ ಹಕ್ಕನ್ನು ನಾನು ಕೋರ್ಟಿನಲ್ಲೇ ಕಳೆದುಕೊಂಡಿದ್ದೆ.

ಬಸವರಾಜಪ್ಪ ಹೆಂಡತಿಯನ್ನು ಒಳಗೆ ಕಳಿಸಿದರು. ಕಾಗದವನ್ನು ಮಡಚಿ ಅಂಗಿಯ ಜೇಬಿಗೆ ಹಾಕಿಕೊಂಡರು. "ಇಷ್ಟಾದ್ರೂ ಇರ್ಲಿ ಬಿಡ್ರಿ," ಎಂದು ಟ್ಯೂಬನ್ನು ನೀರಿಗೆ ಅದ್ದಿದರು. ಮತ್ತೆ ನನ್ನ ಕಡೆ ತಿರುಗಲಿಲ್ಲ.

ಅದೇ ಕಾಗದವನ್ನು ಕೋರ್ಟಿಗೂ ಕಳಿಸಿದ್ದೇನೆ. ಇದರಿಂದ ನಿಮಗೇ ತೊಂದರೆ, ಅವರಿಗೆ ಅನುಕೂಲವಾಗುತ್ತದೆಂಬ ಖಾತ್ರಿಯೂ ಇಲ್ಲ ಎಂದು ನಕ್ಷೆ ತೆಗೆಸಿಕೊಟ್ಟ ವಕೀಲರು ಎಚ್ಚರಿಸಿದರು. ಆಗಲಿ. ಶಾರದಮ್ಮನವರಿಗೆ ಮಾತ್ರ ಅಂಚೆಯಲ್ಲಿ ಕಳಿಸಲು ಮನಸ್ಸು ಬರಲಿಲ್ಲ. ನಾಳೆ ಬೆಳಗಿನ ಬಸ್ಸಿಗೆ ಸಾಸ್ವೆಹಳ್ಳಿಗೆ ಹೊರಟಿದ್ದೇನೆ. ಹಾಗಾದರೆ ನನ್ನ ಗಂಡ ಹೆಂಗೆ ಸತ್ತ ಎಂದು ಅವರು ಕೇಳುತ್ತಾರೆ. ನನಗೆ ಗೊತ್ತಿಲ್ಲ ಎನ್ನಬೇಕು. ಅವರ ಮುಖ ನೋಡಿಕೊಂಡೇ ಎನ್ನಬೇಕು.