ಲೋಂಡಾದಲ್ಲಿ ಅತ್ತೆ ಹತ್ತಿದರು, ನಾನು ಉಳಿದೆ

ಗೆಳೆಯರೇ, ಇವತ್ತು ಜೀವ ಬಾಯಿಗೆ ಬಂದಿತ್ತು. ಅತ್ತೆಯ ಕಣ್ಣು ತೋರಿಸಲು ದೊಡವಾಡದಿಂದ ಮಿರಜಕ್ಕೆ ಹೊರಟಿದ್ದೆವು. ಧಾರವಾಡದಿಂದ ನೇರ ಎಕ್ಸ್‌ಪ್ರೆಸ್ ಹಿಡಿಯುವುದಕ್ಕಿಂತ, ಲೋಂಡಾ ತನಕ ಪ್ಯಾಸೆಂಜರಿನಲ್ಲಿ ಹೋಗಿ ಅಲ್ಲಿಂದ ಬೇರೆ ಟಿಕೆಟ್ ತೆಗೆಸಿದರೆ ಅಗ್ಗ ಎಂಬ ಜಾಣತನ ನನ್ನದೇ. ಪ್ಯಾಸೆಂಜರ್ ತಡವಾಯಿತು. ನಾವು ಇಳಿದಾಗ ಎಕ್ಸ್‌ಪ್ರೆಸ್ ಆಗಲೇ ಬಂದು ನಿಂತಿತ್ತು.

“ನೀವು ಹತ್ತಿ ಕುಂದರ್ರಿ ಅತ್ತಿ, ನಾ ಟಿಕೆಟ್ ತರತೇನಿ” ಎಂದು ಓಡಿದೆ.

ಟಿಕೆಟ್ ಹಿಡಿದು ಬರುವಷ್ಟರಲ್ಲಿ ಗಾಡಿ ಹೊರಟೇಬಿಟ್ಟಿತ್ತು. ಕಣ್ಣು ಮಂಜಾದ ಅತ್ತೆ ಒಬ್ಬರೇ ಒಳಗೆ. ಅವರ ಬಳಿ ದುಡ್ಡೂ ಇಲ್ಲ. “ಅತ್ತೀ, ಅತ್ತೀ” ಎಂದು ಕೂಗುತ್ತ ಪ್ಲಾಟ್‌ಫಾರ್ಮಿನ ತುದಿಯವರೆಗೆ ಓಡಿದೆ. ಕಾಲು ಸೋತು ನಿಂತಾಗ ಗಾಡಿಯೂ ಕಿರುಗುಟ್ಟುತ್ತ ನಿಂತಿತು.

ಅತ್ತೆ ಚೈನ್ ಎಳೆದಿದ್ದರು! ಸಿಟ್ಟಿನಿಂದ ಬಂದ ಗಾರ್ಡಿಗೆ ಅವರೇ ಜೋರು ಮಾಡಿದರು: “ಸೊಸಿ ಟಿಕೆಟ್ ತರಾಕ ಹೋಗ್ಯಾಳ್ರಿ. ಟಿಕೆಟ್ ಇಲ್ಲದ ಹೋದ್ರೂ ದಂಡ, ಚೈನ್ ಎಳದ್ರೂ ದಂಡ ಅಂದ್ರ ನಾ ಏನ್ ಮಾಡ್ಲಿ?”

ಗಾರ್ಡ್ ನಗು ತಡೆದುಕೊಂಡು ನನ್ನನ್ನು ಹತ್ತಿಸಿದರು. ಬೆಳಗಾವಿ ದಾಟಿದರೂ ನಾನು ಅತ್ತೆಯ ಸೆರಗು ಬಿಡಲಿಲ್ಲ.

ಅತ್ತೆ ಮಾತ್ರ ತಣ್ಣಗೆ ಹೇಳಿದರು: “ತಿರುಗಿ ಹೋಗುವಾಗ ಬಸ್ಸಿಗೆ ಹೋಗೂಣು. ಅದ್ರಾಗ ಕಂಡಕ್ಟರನೇ ಸೀಟಿಗೆ ಬಂದು ಟಿಕೆಟ್ ಕೊಡ್ತಾನ.”