ಕಂಡಕ್ಟರನ್ನೇ ಬಿಟ್ಟು ಹೊರಟ ‘ರೈಟ್’

‘ರೈಟ್, ರೈಟ್!’ ಎಂದು ಕಂಡಕ್ಟರ್ ಕೂಗಿದ್ದೇ ತಡ, ನಮ್ಮ ಬಸ್ಸು ಅವರನ್ನೇ ರಸ್ತೆಯಲ್ಲಿ ಬಿಟ್ಟು ಹೊರಟಿತು!

ಕಳೆದ ಮಂಗಳವಾರ ಸಂಜೆ ಹುಣಸೂರಿನಿಂದ ಹೊರಟ ಬಸ್ಸು ಹನಗೋಡು ದಾಟಿ ಕಾಡಂಚಿನ ತಿರುವಿನಲ್ಲಿ ನಿಂತಿತ್ತು. ಹಿಂದಿನ ಏಣಿಗೆ ಕಟ್ಟಿದ್ದ ಸೈಕಲ್ಲಿನ ಹಗ್ಗ ಸಡಿಲವಾಗಿದೆಯೆಂದು ಬಿಗಿಯಲು ಕಂಡಕ್ಟರ್ ಕೆಳಗಿಳಿದಿದ್ದರು. ಅಷ್ಟರಲ್ಲಿ ಲಂಟಾನ ಪೊದೆಯನ್ನು ಸೀಳಿಕೊಂಡು ಒಂಟಿ ಸಲಗವೊಂದು ಅವರ ಹಿಂದೆಯೇ ರಸ್ತೆಗೆ ಬಂತು. ‘ಕಾಪಾಡಿ’ ಎನ್ನಬೇಕಾದ ಬಾಯಿಂದ ದಿನವಿಡೀ ಕೂಗುವ ಮಾತೇ ಹೊರಬಿತ್ತು. ಡ್ರೈವರ್ ಕನ್ನಡಿಯನ್ನೂ ನೋಡದೆ ಗೇರ್ ಹಾಕಿದರು.

ಹಿಂದಿನ ಸೀಟಿನ ಅಜ್ಜಿ ಕಿರುಚಿದರು: “ಓಲ್ಡಾನ್ ಕಣಪ್ಪೋ! ಕಂಡಕ್ಟ್ರು ಕೆಳಗವ್ನೆ, ಆನೆ ಬತ್ತಾ ಅದೆ!”

ಬಸ್ಸು ನಿಧಾನವಾಯಿತು. ಟಿಕೆಟ್ ಚೀಲವನ್ನು ಎದೆಗವುಚಿಕೊಂಡು ಕಂಡಕ್ಟರ್ ಓಡಿ ಬಂದರು. ಆನೆಯೂ ಕಿವಿ ಅಗಲಿಸಿ ನುಗ್ಗಿತು. ನಾನೂ ಇನ್ನೊಬ್ಬರೂ ಬಾಗಿಲಲ್ಲಿ ಬಗ್ಗಿ, ಅವರ ತೋಳು ಹಿಡಿದು ಒಳಗೆಳೆದುಕೊಂಡೆವು.

“ಈಗ ಅನ್ಲಾ ಮಗಾ, ರೈಟು ಅಂತ!” ಎಂದರು ಅಜ್ಜಿ. ಕಂಡಕ್ಟರ್‌ಗೆ ಉಸಿರೇ ಇರಲಿಲ್ಲ. ಅವರ ಪರವಾಗಿ ಇಡೀ ಬಸ್ಸೇ ಕೂಗಿತು: “ರೈಟ್!”

ದಿನಬಳಕೆಯ ಇಂಗ್ಲಿಷ್ ಪದಗಳ ಅರ್ಥಗಳನ್ನು ಡೈರಿಯಲ್ಲಿ ಬರೆದಿಡುವುದು ನನ್ನ ಅಭ್ಯಾಸ. ‘ರೈಟ್’ ಪದದ ಎದುರು ಸರಿ, ಬಲಗಡೆ, ಹಕ್ಕು, ಹೊರಡು, ಆಯ್ತು ಎಂದು ಐದು ಅರ್ಥಗಳಿದ್ದವು. ಮನೆ ತಲುಪಿದ ಕೂಡಲೇ ಆರನೆಯದನ್ನು ಸೇರಿಸಿದೆ: ‘ಎಲ್ಲರೂ ಒಳಗಿದ್ದೇವೆ, ಹೋಗೋಣ.’