ದುಂಡವ್ವ ತೂಗಿದ ತೊಟ್ಟಿಲು

ಮಸಗುಪ್ಪಿಯ ದುಂಡವ್ವ ಹೊಲದ ನೀರಿನ ಪಾಳಿಯಲ್ಲಿ ಅರ್ಧ ತಾಸು ಕಡಿಮೆಯಾದರೆ ಎದುರಾಳಿಯ ಏಳು ತಲೆಮಾರು ಜಾಲಾಡುವವಳು. ಆದರೆ ಧುಪದಾಳದ ತಮ್ಮ ಗುರುಪಾದ ಬಂದನೆಂದರೆ ಅವಳ ದನಿಯೇ ಇಳಿಯುತ್ತಿತ್ತು.

ಅದಕ್ಕೆ ಕಾರಣ ಅವನ ಕಣ್ಣು. ಮೂರು ತಿಂಗಳ ಕೂಸಾಗಿದ್ದಾಗಲೇ ಗುಡ್ಡೆಗಳು ಅತ್ತಿತ್ತ ಓಲಾಡತೊಡಗಿದ್ದವು. "ಜೋರ ತೂಗಿ ತೂಗಿ ಕೂಸಿನ ಕಣ್ಣ ಕದಡಿದೆಲ್ಲ!" ಎಂದು ಅವ್ವ ದುಂಡವ್ವನ ಬೆನ್ನಿಗೆ ಗುದ್ದಿದ್ದಳು. ಆಗ ಅವಳಿಗೆ ಏಳು ವರ್ಷ. ಮುಂದೆ ಗುರುಪಾದ ಹಲಗೆಯ ಅಕ್ಷರ ಕಾಣದೆ ಸಾಲೆ ಬಿಟ್ಟ. ಆ ಪಾಪ ತನ್ನದೇ ಎಂದು ದುಂಡವ್ವ ನಂಬಿದಳು, ಯಾರಿಗೂ ಹೇಳಲಿಲ್ಲ. ಅವನ ಮಗಳು ಶೋಭಾಳನ್ನು ಸೊಸೆ ಮಾಡಿಕೊಂಡಳು. ತಮ್ಮನ ಮಗಳನ್ನು ತರುವುದು ಆ ಕಡೆ ಎಲ್ಲರ ರೂಢಿ. ಇವಳಿಗೆ ಮಾತ್ರ ಅದು ತಪ್ಪುಕಾಣಿಕೆ.

ಮೊಮ್ಮಗ ಹುಟ್ಟಿದ. ತೊಟ್ಟಿಲನ್ನು ಯಾರೂ ತೂಗದಂತೆ ಅಜ್ಜಿ ಹಗ್ಗ ಹಿಡಿದೇ ಕೂತಳು. ಮೂರನೆಯ ತಿಂಗಳಿಗೆ ಅವನ ಕಣ್ಣುಗಳೂ ಓಲಾಡಿದವು.

"ನಾ ಇಲ್ಲದಾಗ ತೂಗೀಯೇನ?" ಎಂದು ಶೋಭಾಳ ಮೇಲೆ ಹರಿಹಾಯ್ದಳು.

"ಇಲ್ಲತ್ತಿ, ನಿಮ್ಮಾಣಿ," ಎಂದು ಶೋಭಾ ಅತ್ತಳು.

ಗೋಕಾಕದ ಕಣ್ಣಿನ ಡಾಕ್ಟರಮ್ಮ ಕೂಸನ್ನು ನೋಡಿ, ಮನೆತನದಲ್ಲಿ ಮತ್ತ್ಯಾರಿಗಿದೆ ಎಂದು ಕೇಳಿದರು. ಶೋಭಾ ಅಪ್ಪನ ಹೆಸರು ಹೇಳಿ, ಅವನು ಅತ್ತೆಯ ತಮ್ಮನೇ ಎಂದಳು.

"ಹಂಗಾರ ಇದು ವಂಶದಾಗ ಬಂದದ್ರಿ ಅಜ್ಜಿ. ಹೆಣ್ಮಕ್ಕಳು ಹೊತ್ತು ತರ್ತಾರ, ಅವರಿಗೆ ಬಹಳ ಸಲ ಏನೂ ತ್ರಾಸ ಇರಂಗಿಲ್ಲ. ಗಂಡಮಕ್ಕಳಿಗೆ ಕಣ್ಣ ಹಿಂಗ ಓಲಾಡ್ತಾವ. ನಿಮ್ಮ ತಮ್ಮಗ ನಿಮ್ಮವ್ವನಿಂದ ಬಂದಿರಬೇಕು. ಇದು ಪೂರಾ ಹೋಗಂಗಿಲ್ಲ, ಆದರ ಚಷ್ಮಾ ಹಾಕಿ ಮುಂದ ಕುಂಡ್ರಿಸಿದರ ಸಾಲಿ ಕಲೀತಾನ."

"ತೊಟ್ಟಿಲ ಜೋರ ತೂಗಿದರ...?"

"ತೊಟ್ಟಿಲಕ್ಕೂ ಇದಕ್ಕೂ ಸಂಬಂಧನ ಇಲ್ರಿ."

ದುಂಡವ್ವ ಅದನ್ನೇ ಮೂರು ಸಲ ಕೇಳಿದಳು. ಹೊರಗೆ ಬಂದು, "ಸುಮ್ಮಸುಮ್ಮನ ನಿನ್ನ ಬೈದೆ, ತಪ್ಪಾತು," ಎಂದು ಸೊಸೆಯ ಕೈ ಹಿಡಿದಳು. ಅಲ್ಲಿಂದ ಊರಿಗೆ ಹೋಗದೆ, ಅವಳನ್ನೂ ಕೂಸನ್ನೂ ಕರೆದುಕೊಂಡು ಧುಪದಾಳದ ಬಸ್ಸು ಹತ್ತಿದಳು.

ಗುರುಪಾದ ಕಟ್ಟೆಯ ಮೇಲಿದ್ದ. ನೋಟ ನಿಲ್ಲಲೆಂದು ಕತ್ತು ವಾರೆ ಮಾಡಿ ಅಕ್ಕನನ್ನು ನೋಡಿದ. ದುಂಡವ್ವ ನೀರನ್ನೂ ಮುಟ್ಟದೆ ಅರವತ್ತು ವರ್ಷದ್ದನ್ನು ಒಂದೇ ಉಸಿರಿಗೆ ಹೇಳಿದಳು. "ನಾ ಮಾಡಿದ್ದಲ್ಲಂತೋ ತಮ್ಮಾ!"

ಗುರುಪಾದ ಕೂಸನ್ನು ತೊಡೆಯ ಮೇಲೆ ಎತ್ತಿಕೊಂಡ.

"ನೀ ತೂಗಿದ್ದಕ್ಕ ಹಿಂಗಾತು ಅಂತ ಅವ್ವ ನನಗೂ ಹೇಳಿದ್ಲಕ್ಕಾ. ನಾನೂ ಖರೇನ ಅಂದ್ಕೊಂಡಿದ್ದೆ."

"ಮತ್ತ ಮಗಳನ್ನ ನನ್ನ ಮನಿಗ್ಯಾಕ ಕೊಟ್ಟೋ?"

"ನಿನಗಿಂತ ಚಲೋ ಯಾರು ನೋಡ್ಕೋತಿದ್ರು?"

ದುಂಡವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಗಟ್ಟಿಯಾಗಿ ಅತ್ತಳು.